ಪ್ರಜಾಗರ: ನಿದ್ರೆ ಬಾರದ ರಾತ್ರಿಗಳು, ದೇಹ ಮತ್ತು ಮನಸ್ಸು

॥ ಶ್ರೀ ಗುರುಭ್ಯೋ ನಮಃ ಹರಿಃ ಓಂ ॥

(ಆರಾಧನಾ ಮಹೋತ್ಸವದ ಉಪನ್ಯಾಸಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಹೆಸರಿನ ಒಂದು ಉಪಪರ್ವವಿದೆ. ವಿದುರನೀತಿಯೆಂದು ಪ್ರಸಿದ್ಧವಾದ ಭಾಗ ಇದೇ. ಆ ನೀತಿವಾಕ್ಯಗಳನ್ನು ಬಲ್ಲವರು ಅನೇಕರಿದ್ದಾರೆ. ಅವು ಹೊರಟ ಸಂದರ್ಭವನ್ನು ನೆನೆಯುವವರು ಕಡಿಮೆ. ಪ್ರಜಾಗರವೆಂದರೆ ನಿದ್ರೆಯಿಲ್ಲದೆ ಎಚ್ಚರವಾಗಿರುವುದು. ಪಾಂಡವರ ಬಳಿಗೆ ಹೋಗಿ ಹಿಂದಿರುಗಿದ ಸಂಜಯನು ಧೃತರಾಷ್ಟ್ರನನ್ನು ನಿಷ್ಠುರವಾಗಿ ನಿಂದಿಸಿ, ಧರ್ಮರಾಜನ ಸಂದೇಶವನ್ನು ಮರುದಿನ ಸಭೆಯಲ್ಲಿಯೇ ತಿಳಿಸುವೆನೆಂದು ಮನೆಗೆ ತೆರಳುತ್ತಾನೆ. ಸಂದೇಶವೇನೆಂದು ತಿಳಿಯದ ಅರಸನಿಗೆ ಆ ರಾತ್ರಿ ನಿದ್ರೆ ಹತ್ತುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ವಿದುರನನ್ನು ಕರೆಸುತ್ತಾನೆ. ವಿದುರನು ಮೊದಲು ಮಾಡುವುದು ಒಳ್ಳೆಯ ವೈದ್ಯನು ಮಾಡುವ ಕೆಲಸ. ಬಲಿಷ್ಠನ ವೈರ ಕಟ್ಟಿಕೊಂಡ ದುರ್ಬಲ, ಸೊತ್ತು ಕಳೆದುಕೊಂಡವನು, ಕಾಮಾತುರ, ಕಳ್ಳ ಇಂಥವರಿಗೆ ನಿದ್ರೆ ಕೆಡುತ್ತದೆ, ಇವುಗಳಲ್ಲಿ ಯಾವುದಾದರೂ ಅರಸನನ್ನು ಹಿಡಿದಿದೆಯೇ ಎಂದು ವಿಚಾರಿಸುತ್ತಾನೆ.

ಔಷಧಿಯ ಬಟ್ಟಲನ್ನು ತರಿಸದೆ ಕಾರಣವನ್ನು ಕೇಳಿದ ಈ ಕ್ರಮ ಗಮನಾರ್ಹವಾದುದು. ಇಂದಿನ ನಿದ್ರಾವೈದ್ಯಶಾಸ್ತ್ರವೂ ಅಲ್ಲಿಂದಲೇ ಹೊರಡುತ್ತದೆ. ಧೃತರಾಷ್ಟ್ರನದು ಒಂದು ರಾತ್ರಿಯ ಪ್ರಜಾಗರ. ಮಗಳ ಮದುವೆಯ ಹಿಂದಿನ ದಿನ, ಆಪ್ತರೊಬ್ಬರು ಆಸ್ಪತ್ರೆಯಲ್ಲಿರುವಾಗ, ಎಲ್ಲರಿಗೂ ಅಂಥ ರಾತ್ರಿಗಳು ಬರುತ್ತವೆ, ಹೋಗುತ್ತವೆ. ದೀರ್ಘಕಾಲದ ನಿದ್ರಾಹೀನತೆಯೆಂದು ವೈದ್ಯರು ಕರೆಯುವುದು ಬೇರೆಯ ಸ್ಥಿತಿ. ಮಲಗಲು ಸಮಯವಿದೆ, ಹಾಸಿಗೆಯಿದೆ, ಗದ್ದಲವಿಲ್ಲ; ಆದರೂ ವಾರಕ್ಕೆ ಕನಿಷ್ಠ 3 ರಾತ್ರಿ ನಿದ್ರೆ ಹತ್ತುವುದಿಲ್ಲ, ಅಥವಾ ನಡುರಾತ್ರಿ ಎಚ್ಚರವಾದರೆ ಮತ್ತೆ ಬರುವುದಿಲ್ಲ, ಅಥವಾ 3 ಗಂಟೆಗೇ ಕಣ್ಣು ತೆರೆದು ಆ ಮೇಲೆ ಹೊರಳಾಟವೇ ಆಗುತ್ತದೆ. ಹೀಗೆ 3 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆದು, ಮರುದಿನದ ಹಗಲೂ ಕೆಟ್ಟರೆ ಅದು ರೋಗ. ಹಗಲು ಕೆಡುವುದು ಎಂಬ ಮಾತು ಮುಖ್ಯ. 6 ಗಂಟೆ ಮಲಗಿ ದಿನವಿಡೀ ಲವಲವಿಕೆಯಿಂದಿರುವವನನ್ನು ರೋಗಿಯೆನ್ನಲಾಗದು.

ಎಚ್ಚರದಿಂದಿರುವ ರಾತ್ರಿಗಳೆಲ್ಲ ಒಂದೇ ಬಗೆಯವಲ್ಲ. ಏಕಾದಶಿಯ ಜಾಗರಣವು ಸಂಕಲ್ಪಪೂರ್ವಕವಾದುದು, ಅದಕ್ಕೊಂದು ಕೊನೆಯಿದೆ, ದ್ವಾದಶಿಯ ಪಾರಣೆಯಾದ ಮೇಲೆ ದೇಹವು ತನ್ನ ಲೆಕ್ಕವನ್ನು ತೀರಿಸಿಕೊಳ್ಳುತ್ತದೆ. ಎರಡನೆಯದು ವೃತ್ತಿಯ ಎಚ್ಚರ. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಂದಿನಿಂದ ಹೈದರಾಬಾದಿನ ಒಂದು ಭಾಗವು ಅಮೆರಿಕದ ಗಡಿಯಾರವನ್ನು ನೋಡಿ ಕೆಲಸ ಮಾಡುತ್ತಿದೆ. ಕಾಚಿಗೂಡ, ನಲ್ಲಕುಂಟ, ಬರ್ಕತ್‌ಪುರಗಳ ಎಷ್ಟೋ ಮನೆಗಳಲ್ಲಿ ತಂದೆ ಸಂಧ್ಯಾವಂದನೆಗೆ ಏಳುವ ಹೊತ್ತಿಗೆ ಮಗ ಕೆಲಸ ಮುಗಿಸಿ ಬಂದು ಮಲಗುತ್ತಾನೆ. ರೈಲ್ವೆಯವರಿಗೂ ಪೊಲೀಸರಿಗೂ ದಾದಿಯರಿಗೂ ಇದು ಹಳೆಯ ಪಾಡು. ಇವರಿಗೆ ನಿದ್ರೆ ಬರುತ್ತದೆ, ಮಲಗಲು ಅವಕಾಶವಿಲ್ಲ. ಮೂರನೆಯವನೇ ನಿದ್ರಾಹೀನತೆಯ ರೋಗಿ: ಅವಕಾಶವೆಲ್ಲವೂ ಇದೆ, ನಿದ್ರೆಯೇ ಇಲ್ಲ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಸಂಪ್ರದಾಯಸ್ಥ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಪನಿದ್ರೆಯನ್ನು ಒಂದು ಗುಣವೆಂದು ಹೊಗಳುವ ವಾಡಿಕೆ ಬಹಳ ಕಾಲದಿಂದ ಬಂದಿದೆ. "ಅವರಿಗೇನು, ಮೂರು ತಾಸು ಮಲಗಿದರೆ ಸಾಕು" ಎಂಬ ಪ್ರಶಂಸೆಯನ್ನು ಕೇಳಿದ ಹಿರಿಯರು, ತಮಗೆ ನಿದ್ರೆ ಬರುತ್ತಿಲ್ಲವೆಂದು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ನಸುಕಿನ 3 ಗಂಟೆಗೆ ಎದ್ದು ಕುಳಿತವರನ್ನು ಕಂಡು ಮನೆಯವರೂ ಬ್ರಾಹ್ಮೀಮುಹೂರ್ತದ ಶಿಸ್ತೆಂದೇ ತಿಳಿಯುತ್ತಾರೆ. ಬ್ರಾಹ್ಮೀಮುಹೂರ್ತದಲ್ಲಿ ಏಳುವವನು ರಾತ್ರಿ ಬೇಗ ಮಲಗುವವನೆಂಬ ಇನ್ನರ್ಧ ಮಾತು ಎಲ್ಲಿಯೋ ಬಿಟ್ಟುಹೋಗಿದೆ. ಅರ್ಜುನನನ್ನು ಗುಡಾಕೇಶನೆಂದು, ನಿದ್ರೆಯನ್ನು ಗೆದ್ದವನೆಂದು, ಕರೆದ ಅದೇ ಗೀತೆಯ 6ನೆಯ ಅಧ್ಯಾಯದಲ್ಲಿ ಭಗವಂತನು ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗವು ಸಿದ್ಧಿಸದೆಂದು ಸ್ಪಷ್ಟಪಡಿಸಿದ್ದಾನೆ. ಚರಕಸಂಹಿತೆಯ ಸೂತ್ರಸ್ಥಾನವು ಆಹಾರ ಮತ್ತು ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ಶರೀರದ 3 ಉಪಸ್ತಂಭಗಳಲ್ಲಿ ಒಂದಾಗಿ ಎಣಿಸಿದೆ; ಪುಷ್ಟಿ, ಬಲ, ಜ್ಞಾನ, ಆಯುಸ್ಸುಗಳೆಲ್ಲವೂ ಅದನ್ನು ಅವಲಂಬಿಸಿವೆಯೆಂಬುದು ಆ ಗ್ರಂಥದ ಮತ. ಉಪಸ್ತಂಭವೆಂದರೆ ಊರೆಗಂಬ. ಕಟ್ಟಡದ ಒಂದು ಕಂಬ ಕುಸಿದರೆ ಭಾರವು ಉಳಿದೆರಡರ ಮೇಲೆ ಬೀಳುತ್ತದೆ.

ಶ್ರೀ ರಾಘವೇಂದ್ರಸ್ವಾಮಿಗಳ ಪೂರ್ವಾಶ್ರಮದ ಕಥೆಯೊಂದು ಭಕ್ತರೆಲ್ಲರಿಗೂ ತಿಳಿದದ್ದೇ. ಕುಂಭಕೋಣದ ವಿದ್ಯಾಪೀಠದಲ್ಲಿ ವೇಂಕಟನಾಥರು ರಾತ್ರಿ ಕುಳಿತು ಸುಧಾ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ, ದಣಿದು ಅಲ್ಲಿಯೇ ನಿದ್ರೆಹೋಗಿದ್ದರು. ಅತ್ತ ಬಂದ ಗುರುಗಳಾದ ಶ್ರೀ ಸುಧೀಂದ್ರತೀರ್ಥರು ಆ ಬರಹವನ್ನು ಓದಿ ಆನಂದಪಟ್ಟು, ಚಳಿಯಲ್ಲಿ ಮಲಗಿದ್ದ ಶಿಷ್ಯನಿಗೆ ತಮ್ಮ ಶಾಲನ್ನೇ ಹೊದಿಸಿದರು. ಪರಿಮಳಾಚಾರ್ಯರೆಂಬ ಬಿರುದಿನ ಸಂದರ್ಭವಾಗಿ ಈ ಕಥೆಯನ್ನು ಹೇಳುವುದು ರೂಢಿ. ಇಷ್ಟು ಮಾತ್ರ ಸೇರಿಸಬಹುದು: ಗುರುಗಳು ಶಿಷ್ಯನನ್ನು ಎಬ್ಬಿಸಲಿಲ್ಲ, ಹೊದಿಸಿದರು.

ನಿದ್ರೆ ಹೇಗೆ ಬರುತ್ತದೆಂಬುದನ್ನು ಸ್ವಲ್ಪ ತಿಳಿದರೆ ಅದು ಏಕೆ ಕೆಡುತ್ತದೆಂಬುದೂ ತಿಳಿಯುತ್ತದೆ. 1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿ ನಿದ್ರೆಯನ್ನು ಎರಡು ಬಲಗಳ ಕೂಡಾಟವೆಂದು ವಿವರಿಸಿದರು. ಒಂದು ನಿದ್ರೆಯ ಒತ್ತಡ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ಪದಾರ್ಥ ಶೇಖರವಾಗುತ್ತ ಹೋಗಿ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಇನ್ನೊಂದು ದೇಹದ ಗಡಿಯಾರ. ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಮಿದುಳಿನ ಒಂದು ಪುಟ್ಟ ಕೇಂದ್ರವು ಹಗಲು ರಾತ್ರಿಗಳ ಲೆಕ್ಕವಿಡುತ್ತದೆ; ಕತ್ತಲಾದಾಗ ಮೆಲಟೋನಿನ್ ಸ್ರವಿಸಿ ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುತ್ತದೆ. ಜೀವಕೋಶಗಳೊಳಗಿನ ಈ ಗಡಿಯಾರದ ಯಂತ್ರರಚನೆಯನ್ನು ಬಿಡಿಸಿ ತೋರಿಸಿದ 3 ಜನ ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು. ಮಧ್ಯಾಹ್ನ 2 ತಾಸು ಮಲಗಿದವನು ಒತ್ತಡವನ್ನು ಹಗಲಿನಲ್ಲಿಯೇ ಖರ್ಚುಮಾಡಿಬಿಡುತ್ತಾನೆ. ರಾತ್ರಿ 11ರವರೆಗೆ ಮೊಬೈಲ್ ಪರದೆಯನ್ನು ಕಣ್ಣೆದುರು ಹಿಡಿದವನು ಗಡಿಯಾರಕ್ಕೆ ಇನ್ನೂ ಹಗಲೆಂದು ಸುಳ್ಳು ಹೇಳುತ್ತಾನೆ. ಕಾಫಿಯ ಕೆಫೀನ್ ಅಡೆನೊಸಿನ್ ಕೂರುವ ಪೀಠದಲ್ಲಿ ತಾನು ಕೂತುಕೊಳ್ಳುತ್ತದೆ. ಅದರಲ್ಲಿ ಅರ್ಧ ಭಾಗ ದೇಹದಿಂದ ಹೊರಹೋಗಲು ಸರಾಸರಿ 5 ತಾಸು ಬೇಕು. ಸಂಜೆ 6ಕ್ಕೆ ಕುಡಿದ ಗಟ್ಟಿ ಡಿಕಾಕ್ಷನ್ನಿನ ಅರ್ಧವು ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ. ಇರಾನಿ ಚಹಾದ ಊರಿನಲ್ಲಿ, ಫಿಲ್ಟರ್ ಕಾಫಿಯ ಮನೆಗಳಲ್ಲಿ, ಈ ಮಾತು ಯಾರಿಗೂ ರುಚಿಸದು.

1953ರಲ್ಲಿ ಷಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ಮಲಗಿದವರ ಕಣ್ಣುಗಳು ರೆಪ್ಪೆಯ ಹಿಂದೆ ವೇಗವಾಗಿ ಚಲಿಸುವ ಒಂದು ಘಟ್ಟವಿದೆಯೆಂದು ಪ್ರಕಟಿಸಿದ ಮೇಲೆ, ನಿದ್ರೆ ಕೇವಲ ಜಡಸ್ಥಿತಿಯೆಂಬ ಭಾವನೆ ಹೋಯಿತು. ಹಗುರ ನಿದ್ರೆ, ಗಾಢ ನಿದ್ರೆ, ಕನಸಿನ ನಿದ್ರೆ ಎಂಬ ಸುತ್ತು ಸುಮಾರು 90 ನಿಮಿಷಗಳಿಗೊಮ್ಮೆ ತಿರುಗುತ್ತದೆ. ರೈಲುಮಾರ್ಗದ ದುರಸ್ತಿಗೆಂದು ಕೆಲವು ಗಂಟೆ ಗಾಡಿಗಳ ಓಡಾಟವನ್ನು ನಿಲ್ಲಿಸುವುದುಂಟು. ಇಲಾಖೆಯ ಭಾಷೆಯಲ್ಲಿ ಅದು ಬ್ಲಾಕ್. ಆ ಹೊತ್ತಿನಲ್ಲಿ ಹಳಿ ಬದಲಾಗುತ್ತದೆ, ಜಲ್ಲಿ ಸರಿಹೋಗುತ್ತದೆ, ಕೀಲುಗಳು ಬಿಗಿಯಾಗುತ್ತವೆ. ದೇಹಕ್ಕೆ ನಿದ್ರೆಯೇ ಬ್ಲಾಕ್. ಗಾಢ ನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ಸ್ರವಿಸುತ್ತದೆ. ಆರೋಗ್ಯವಂತರ ರಕ್ತದೊತ್ತಡ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿದು ಹೃದಯಕ್ಕೆ ಬಿಡುವು ದೊರೆಯುತ್ತದೆ. ಅಂದು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುತ್ತದೆ. ನಿದ್ರೆಯ ವೇಳೆ ಮಿದುಳಿನ ಕಣಗಳ ನಡುವಣ ಜಾಗ ಹಿಗ್ಗಿ ಅಲ್ಲಿನ ಕಶ್ಮಲ ತೊಳೆದುಹೋಗುತ್ತದೆಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದು ತೋರಿಸಿತು. ಮನುಷ್ಯರಲ್ಲಿ ಅದು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ಇನ್ನೂ ನಡೆದಿದೆ. ಒಂದು ದಿನ ಬ್ಲಾಕ್ ಸಿಗದಿದ್ದರೆ ಗಾಡಿಗಳೇನೂ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಸಿಗದಿದ್ದರೆ ಮೊದಲು ಕಾಷನ್ ಆರ್ಡರ್ ಬರುತ್ತದೆ, ವೇಗ ತಗ್ಗುತ್ತದೆ. ಆಗಲೂ ಲಕ್ಷ್ಯಕೊಡದಿದ್ದರೆ ಹಳಿಯೇ ಬಿರಿಯುತ್ತದೆ.

ದೇಹದಲ್ಲಿ ಈ ಬಿರುಕು ಎಲ್ಲೆಲ್ಲಿ ಕಾಣಿಸುತ್ತದೆ? ಮೊದಲು ರಕ್ತದೊತ್ತಡದಲ್ಲಿ. ನಿದ್ರಾಹೀನರ ದೇಹವು ರಾತ್ರಿಯೂ ಕಾವಲುಗಾರನಂತೆ ಎಚ್ಚತ್ತಿರುತ್ತದೆ, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ, ನಾಡಿ ಶಾಂತವಾಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1,741 ಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ನಿದ್ರಾಹೀನತೆಯ ದೂರಿನ ಜೊತೆಗೆ ವಾಸ್ತವವಾಗಿಯೂ 5 ಗಂಟೆಗಿಂತ ಕಡಿಮೆ ಮಲಗಿದವರಲ್ಲಿ ಅಧಿಕ ರಕ್ತದೊತ್ತಡದ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಎರಡನೆಯದು ಸಕ್ಕರೆ. 1999ರಲ್ಲಿ 11 ಮಂದಿ ಆರೋಗ್ಯವಂತ ತರುಣರನ್ನು 6 ರಾತ್ರಿ ಕೇವಲ 4 ಗಂಟೆ ಮಲಗಲು ಬಿಟ್ಟು ಪರೀಕ್ಷಿಸಿದಾಗ, ಸಕ್ಕರೆಯನ್ನು ಅರಗಿಸಿಕೊಳ್ಳುವ ಅವರ ಶಕ್ತಿ ಗಣನೀಯವಾಗಿ ಕುಗ್ಗಿತ್ತು. ಅವರು ತರುಣರು, ಆರೇ ರಾತ್ರಿ. ಮಧುಮೇಹ ಮನೆಮಾಡಿಕೊಂಡಿರುವ ಕುಟುಂಬಗಳ 60 ದಾಟಿದವರ ಪಾಡೇನೆಂದು ಊಹಿಸಬಹುದು. ಮಾತ್ರೆಯ ಪ್ರಮಾಣ ಏರಿಸಿದರೂ ಸಕ್ಕರೆ ಹತೋಟಿಗೆ ಬಾರದಿರುವಾಗ ವೈದ್ಯರು ಊಟವನ್ನು ವಿಚಾರಿಸುತ್ತಾರೆ, ನಡಿಗೆಯನ್ನು ವಿಚಾರಿಸುತ್ತಾರೆ. ನಿದ್ರೆಯ ವಿಷಯವನ್ನು ರೋಗಿ ತಾನಾಗಿಯೇ ಹೇಳುವುದು ಒಳ್ಳೆಯದು. ನಿದ್ರೆಗೆಟ್ಟವರಿಗೆ ಹಸಿವು ಹೆಚ್ಚು, ಸಿಹಿಯ ಆಸೆ ಹೆಚ್ಚು, ನೆಗಡಿ ಬೇಗ ಅಂಟುತ್ತದೆ, ಸೊಂಟನೋವು ಇದ್ದುದಕ್ಕಿಂತ ಹೆಚ್ಚಾಗಿ ಕಾಡುತ್ತದೆ.

ಮನಸ್ಸಿನ ಮೇಲಿನ ಪರಿಣಾಮವು ಇದಕ್ಕಿಂತ ಮೊದಲೇ ತಲೆದೋರುತ್ತದೆ, ಆದರೆ ತಡವಾಗಿ ಗುರುತಿಗೆ ಬರುತ್ತದೆ. ಸಣ್ಣ ಮಾತಿಗೆ ಸಿಡುಕು, ಹೆಸರುಗಳ ಮರೆವು, ಜಪಕ್ಕೆ ಕುಳಿತರೆ ತೂಕಡಿಕೆ, ಪುಸ್ತಕ ತೆರೆದರೆ ಅದೇ ಪುಟವನ್ನು ಮೂರು ಸಲ ಓದುವುದು, ಮದುವೆ ಮುಂಜಿಗಳಿಗೆ ಹೋಗಲು ಮನಸ್ಸಾಗದಿರುವುದು. ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಖಿನ್ನತೆ ಬಂದವರಿಗೆ ನಿದ್ರೆ ಕೆಡುತ್ತದೆಂಬುದು ಹಳೆಯ ತಿಳಿವಳಿಕೆ. ಖಿನ್ನತೆಯಿಲ್ಲದ ನಿದ್ರಾಹೀನರಲ್ಲಿ ಮುಂದೆ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟೆಂದು 21 ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಒಂದು ವಿಶ್ಲೇಷಣೆ ತೋರಿಸಿತು. ಅಂದರೆ ನಿದ್ರಾಹೀನತೆ ಕೇವಲ ಲಕ್ಷಣವಲ್ಲ, ಮುಂಬರುವ ವ್ಯಾಧಿಯ ಬಾಗಿಲೂ ಆಗಬಲ್ಲದು. ಬ್ರಿಟನ್ನಿನ ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ರ ಮತ್ತು 60ರ ವಯಸ್ಸಿನಲ್ಲಿ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಿಗೆ ಮುಂದೆ ಮರೆವಿನ ರೋಗ ಬರುವ ಸಂಭವ 7 ಗಂಟೆ ಮಲಗುವವರಿಗಿಂತ ಹೆಚ್ಚೆಂದು ಕಂಡುಬಂದಿತು.

ಎಲ್ಲಕ್ಕಿಂತ ಅಪಾಯಕಾರಿಯಾದುದು, ತನ್ನ ಶಕ್ತಿ ಕುಂದಿದೆಯೆಂಬುದೇ ನಿದ್ರೆಗೆಟ್ಟವನಿಗೆ ತಿಳಿಯದಿರುವುದು. 2003ರ ಒಂದು ಪ್ರಯೋಗದಲ್ಲಿ 14 ದಿನ 6 ಗಂಟೆಯಂತೆ ಮಲಗಿದವರ ಗಮನಶಕ್ತಿಯು, ರಾತ್ರಿಯಿಡೀ ಎಚ್ಚರವಿದ್ದವರಷ್ಟೇ ಕುಸಿದಿತ್ತು; ಅವರನ್ನು ಕೇಳಿದರೆ ಮಾತ್ರ ಸ್ವಲ್ಪ ನಿದ್ರೆ ಬರುತ್ತಿದೆ, ಅಷ್ಟೇ ಎನ್ನುತ್ತಿದ್ದರು. ಈ ಕಾರಣಕ್ಕಾಗಿಯೇ ರೈಲ್ವೆ ಇಂಜಿನುಗಳಲ್ಲಿ ಚಾಲಕನ ಜಾಗರೂಕತೆಯನ್ನು ಪರೀಕ್ಷಿಸುವ ಉಪಕರಣವಿದೆ. 60 ಸೆಕೆಂಡುಗಳ ಕಾಲ ಚಾಲಕನು ಯಾವ ಕ್ರಿಯೆಯನ್ನೂ ಮಾಡದಿದ್ದರೆ ದೀಪ ಮಿನುಗುತ್ತದೆ, ಗಂಟೆ ಕೂಗುತ್ತದೆ, ಆಗಲೂ ಉತ್ತರವಿಲ್ಲದಿದ್ದರೆ ಬ್ರೇಕು ತಾನಾಗಿಯೇ ಬೀಳುತ್ತದೆ. ನಿದ್ರೆಗೆಟ್ಟ ಮನುಷ್ಯನ ಮಾತನ್ನು ನಂಬಬಾರದೆಂದು ಯಂತ್ರ ಮಾಡಿದವರು ತಿಳಿದಿದ್ದರು. ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಮಂತ್ರಾಲಯಕ್ಕೆ ಬೆಳಗಿನ ದರ್ಶನಕ್ಕೆ ತಲುಪುವ ಹುಮ್ಮಸ್ಸಿನ ತರುಣರು ಗಮನಿಸಬೇಕಾದ ಸಂಗತಿಯಿದು. 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈ ಕಣ್ಣುಗಳ ಹೊಂದಾಣಿಕೆಯು, ರಕ್ತದ 100 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡರು. ಭಾರತದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ 30 ಮಿಲಿಗ್ರಾಂ. ಮದ್ಯವನ್ನು ಮುಟ್ಟದ ಸದಾಚಾರಿಯೂ ಆ ಹೊತ್ತಿನಲ್ಲಿ ಕುಡಿದವನಂತೆಯೇ ವಾಹನ ನಡೆಸುತ್ತಿರುತ್ತಾನೆ. ಕಾಚಿಗೂಡದಿಂದ ರೈಲಿದೆ, ಹಗಲು ಹೊತ್ತೂ ಇದೆ.

ಈ ಅಂಕಿಅಂಶಗಳನ್ನು ಕೇಳಿ ಇಂದು ರಾತ್ರಿಯೇ ಯಾರಾದರೂ ನಿದ್ರೆಗೆಡುವಂತಾದರೆ ಉಪನ್ಯಾಸ ವ್ಯರ್ಥ. ಇವುಗಳಲ್ಲಿ ಕೆಲವು ಅಧ್ಯಯನಗಳು ನಿದ್ರೆ ಕಡಿಮೆ ಮಾಡಿಸಿದವರ ಮೇಲೆ ನಡೆದವು, ಕೆಲವು ನಿದ್ರಾಹೀನರ ಮೇಲೆ. ಎರಡೂ ಪೂರ್ತಿ ಒಂದೇ ಅಲ್ಲ. ಎರಡು ಸಂಗತಿಗಳು ಜೊತೆಯಲ್ಲಿ ಕಾಣಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದೂ ಆಗುವುದಿಲ್ಲ. ಅಲ್ಲದೆ ನಿದ್ರಾಹೀನರು ತಾವು ಮಲಗಿದ ಹೊತ್ತನ್ನು ವಾಸ್ತವಕ್ಕಿಂತ ಕಡಿಮೆಯೆಂದು ಭಾವಿಸುವುದು ಸಾಮಾನ್ಯ. "ಕಣ್ಣೇ ಮುಚ್ಚಲಿಲ್ಲ" ಎಂದವರು ಪ್ರಯೋಗಾಲಯದಲ್ಲಿ 4-5 ತಾಸು ಮಲಗಿದ್ದುದು ಅನೇಕ ಸಲ ಕಂಡುಬಂದಿದೆ. ಅವರು ಸುಳ್ಳಾಡುತ್ತಿಲ್ಲ. ಹಗುರ ನಿದ್ರೆಯು ಎಚ್ಚರದಂತೆಯೇ ಅವರಿಗೆ ಅನುಭವವಾಗುತ್ತದೆ. ನಿದ್ರೆಯ ಕುರಿತ ಭಯವೇ ನಿದ್ರೆಯ ಮೊದಲ ಶತ್ರುವಾದುದರಿಂದ ಇಷ್ಟನ್ನು ಹೇಳಬೇಕಾಯಿತು.

ಕೆಲವು ದಿನಗಳ ನಿದ್ರಾಭಂಗವು ವರ್ಷಗಟ್ಟಲೆಯ ರೋಗವಾಗಿ ಮಾರ್ಪಡುವ ಬಗೆ ಅರಿಯಲು, 62ರ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಬಹುದು. ಸ್ವಭಾವತಃ ಚಿಂತೆಯವರು. ನಿವೃತ್ತರಾದರು, ಮಗ ವಿದೇಶಕ್ಕೆ ಹೋದ, ಪತ್ನಿಗೆ ಶಸ್ತ್ರಚಿಕಿತ್ಸೆಯಾಯಿತು; ನಿದ್ರೆ ಕೆಟ್ಟಿತು. ಪತ್ನಿ ಗುಣಮುಖರಾದರು, ನಿದ್ರೆ ಮಾತ್ರ ಹಿಂದಿರುಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವರು ನಿದ್ರೆಯನ್ನು ಬೆನ್ನಟ್ಟಲು ಆರಂಭಿಸಿದ್ದರು. ರಾತ್ರಿ 10ಕ್ಕೆ ಮಲಗುತ್ತಿದ್ದವರು, ಬರುವಷ್ಟಾದರೂ ಬರಲೆಂದು 8:30ಕ್ಕೇ ಹಾಸಿಗೆ ಸೇರಿದರು. ಬೆಳಗ್ಗೆ 7ರವರೆಗೆ ಹೊರಳಾಡಿದರು. ಮಧ್ಯಾಹ್ನ ಮಲಗಿದರು. ಗಂಟೆಗೊಮ್ಮೆ ಗಡಿಯಾರ ನೋಡಿ, ಇನ್ನು 4 ತಾಸು, ಇನ್ನು 3 ತಾಸು ಎಂದು ಲೆಕ್ಕ ಹಾಕಿದರು. ಹತ್ತೂವರೆ ತಾಸು ಹಾಸಿಗೆಯಲ್ಲಿ ಕಳೆದು 5 ತಾಸು ಮಾತ್ರ ಮಲಗಿದವರ ಮಿದುಳಿಗೆ, ಹಾಸಿಗೆಯೆಂದರೆ ಎಚ್ಚರವಾಗಿರುವ, ಚಿಂತಿಸುವ ಸ್ಥಳವೆಂಬ ಪಾಠ ಗಟ್ಟಿಯಾಗುತ್ತದೆ. ಸೋಫಾದ ಮೇಲೆ ಟಿವಿಯ ಮುಂದೆ ತೂಕಡಿಸುವವರು ಕೋಣೆಗೆ ಹೋದೊಡನೆ ಎಚ್ಚರಗೊಳ್ಳುವುದು ಇದರಿಂದಲೇ. ಮೂಲ ಕಾರಣ ಬೇರೆ, ರೋಗವನ್ನು ಉಳಿಸಿಕೊಂಡು ಬರುವ ಕಾರಣ ಬೇರೆ. ಮೂಲ ಕಾರಣವೇ ತೀರದೆ ಉಳಿಯುವುದೂ ಉಂಟು: ಪಾಂಡವರ ಪಾಲನ್ನು ಕೊಡೆಂಬ ವಿದುರನ ಮಾತಿಗೆ ಮನಸ್ಸು ಒಪ್ಪಿದರೂ ದುರ್ಯೋಧನನನ್ನು ಕಂಡೊಡನೆ ಅದು ತಿರುಗಿಬಿಡುತ್ತದೆಂದು ಧೃತರಾಷ್ಟ್ರನೇ ಒಪ್ಪಿಕೊಳ್ಳುತ್ತಾನೆ. ಆಸ್ತಿಯ ವ್ಯಾಜ್ಯ, ಸೋದರರ ಮನಸ್ತಾಪ, ತೀರದ ಸಾಲ ಇವುಗಳಿಗೆ ಔಷಧದ ಅಂಗಡಿಯಲ್ಲಿ ಮದ್ದಿಲ್ಲ.

ಮದ್ದಿನ ಅಂಗಡಿಯ ವಿಷಯವೇ ಬಂದುದರಿಂದ ಮಾತ್ರೆಗಳ ಬಗ್ಗೆ ಬಿಚ್ಚಿ ಹೇಳುವುದು ಅವಶ್ಯ. ಆಲ್‌ಪ್ರಜೋಲಮ್, ಜೋಲ್ಪಿಡೆಮ್ ಮುಂತಾದವು 2014ರಿಂದ ಎಚ್1 ಎಂಬ ಅನುಸೂಚಿಯಲ್ಲಿವೆ; ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ ವಿವರವನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಆದರೂ ಪರಿಚಯದ ಅಂಗಡಿಯಿಂದ, ನೆರೆಮನೆಯವರ ಹಳೆಯ ಚೀಟಿಯಿಂದ, ಅರ್ಧ ಮಾತ್ರೆಯೆಂದು ಆರಂಭವಾದದ್ದು ವರ್ಷಗಟ್ಟಲೆ ನಡೆಯುತ್ತದೆ. ಸಂಕಟದ ಕೆಲವು ದಿನಗಳಲ್ಲಿ ವೈದ್ಯರ ಸಲಹೆಯಂತೆ ಇವು ಉಪಕಾರಿಯೇ. ದಿನಗಳು ಕಳೆದಂತೆ ಅದೇ ಪ್ರಮಾಣಕ್ಕೆ ನಿದ್ರೆ ಬರುವುದಿಲ್ಲ, ರಾತ್ರಿ ಬಚ್ಚಲಿಗೆ ಎದ್ದ ವೃದ್ಧರು ಮಂಪರಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ, ನೆನಪು ಮಂಕಾಗುತ್ತದೆ. ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ಇದರ ಪ್ರತ್ಯಕ್ಷ ನಿದರ್ಶನವನ್ನು ತೆಲಂಗಾಣವು 2015ರಲ್ಲಿ ಕಂಡಿತು. ಆಲ್‌ಪ್ರಜೋಲಮ್ ಬೆರೆಸಿದ ಸೇಂದಿಯ ಮಾರಾಟದ ವಿರುದ್ಧ ಸರ್ಕಾರ ಬಿಗಿಯಾದ ಕ್ರಮ ಕೈಗೊಂಡಾಗ, ಅದನ್ನು ಕುಡಿಯುತ್ತಿದ್ದವರು ನಿದ್ರೆಯಿಲ್ಲದೆ, ಮೈನಡುಗಿ, ಅಪಸ್ಮಾರ ಬಂದು, ಬುದ್ಧಿಭ್ರಮಣೆಯಾದವರಂತೆ ವರ್ತಿಸುತ್ತ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೂ ಜಿಲ್ಲಾ ಆಸ್ಪತ್ರೆಗಳಿಗೂ ಬಂದರು. ಸೇಂದಿ ಕುಡಿಯುವ ಬಡವನೂ ಮಲಗುವ ಮುನ್ನ ಮಾತ್ರೆ ನುಂಗುವ ಗೌರವಸ್ಥ ಗೃಹಸ್ಥನೂ ಒಂದೇ ರಾಸಾಯನಿಕದ ಅಧೀನರೆಂಬುದನ್ನು ಒಪ್ಪಲು ಮನಸ್ಸು ಹಿಂಜರಿಯಬಹುದು. ದೇಹವು ಆ ಭೇದವನ್ನು ಮಾಡುವುದಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ವೈದ್ಯರ ಕಣ್ಣೆದುರಿನಲ್ಲಿ ಹಂತಹಂತವಾಗಿ ಇಳಿಸಬೇಕು, ತಾವಾಗಿ ಬಿಡಬಾರದು.

ಹಾಗಾದರೆ ಚಿಕಿತ್ಸೆಯೇನು? ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯೆಂದು ಹೇಳಿತು. ಇದರ ತಿರುಳು ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿದೆ: ಹಾಸಿಗೆಯಲ್ಲಿರುವ ಹೊತ್ತನ್ನು ಹೆಚ್ಚಿಸದೆ ಕಡಿಮೆ ಮಾಡಬೇಕು. ಮೇಲಿನ ಗೃಹಸ್ಥರು 2 ವಾರ ನಿದ್ರೆಯ ದಿನಚರಿ ಬರೆಯುತ್ತಾರೆ. ಸರಾಸರಿ 5 ತಾಸು ನಿದ್ರೆಯೆಂದು ತಿಳಿಯುತ್ತದೆ. ಆಗ ವೈದ್ಯರು ಅವರಿಗೆ ಹಾಸಿಗೆಯ ಅವಧಿಯನ್ನು ಐದೂವರೆ ತಾಸಿಗೆ ಇಳಿಸಿ, ರಾತ್ರಿ 11:30ಕ್ಕೆ ಮಲಗಿ ಬೆಳಗ್ಗೆ 5ಕ್ಕೆ ಏಳಿರಿ, ಹಗಲಿನಲ್ಲಿ ಮಲಗಬೇಡಿರಿ ಎನ್ನುತ್ತಾರೆ. ಮೊದಲ ವಾರ ಕಷ್ಟ. ನಿದ್ರೆಯ ಒತ್ತಡ ಏರಿ ಕ್ರಮೇಣ ಆ ಐದೂವರೆ ತಾಸು ತುಂಬಿಕೊಳ್ಳುತ್ತದೆ. ಮಲಗಿದ ಹೊತ್ತಿನಲ್ಲಿ ಶೇಕಡಾ 85ಕ್ಕೂ ಹೆಚ್ಚು ಪಾಲು ನಿದ್ರೆಯಾದಾಗ 15 ನಿಮಿಷ ಸೇರಿಸುತ್ತಾರೆ, ಮತ್ತೆ 15 ನಿಮಿಷ. ಸುಮಾರು 20 ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಬೇರೆಡೆ ಕುಳಿತು, ತೂಕಡಿಕೆ ಬಂದಾಗಲೇ ಹಿಂದಿರುಗಬೇಕು. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಬದಲಾಗಬಾರದು. ಪ್ರಾತಃಕಾಲದ ಅನುಷ್ಠಾನವಿರುವ ಮನೆಗಳಿಗೆ ಇದು ಹೊಸ ಪಾಠವಲ್ಲ. ಅಪಸ್ಮಾರವುಳ್ಳವರು, ಮನಸ್ಸಿನ ಏರಿಳಿತದ ರೋಗವುಳ್ಳವರು, ವಾಹನ ನಡೆಸುವವರು ಈ ಕ್ರಮವನ್ನು ವೈದ್ಯರ ನೆರವಿಲ್ಲದೆ ಆರಂಭಿಸಬಾರದು.

ಇದರ ಹಿಂದಿರುವ ತತ್ತ್ವವೆಂದರೆ ನಿದ್ರೆಯನ್ನು ಯಾರೂ ಮಾಡಲಾರರು, ಬರಗೊಡಬಹುದು ಅಷ್ಟೇ. ಮಾಂಡೂಕ್ಯೋಪನಿಷತ್ತಿನ ಭಾಷ್ಯದಲ್ಲಿ ಶ್ರೀಮದಾಚಾರ್ಯರು ವಿಶ್ವ, ತೈಜಸ, ಪ್ರಾಜ್ಞರೆಂಬವು ಭಗವಂತನ ರೂಪಗಳೇ ಎಂದೂ, ಎಚ್ಚರ, ಕನಸು, ಸುಷುಪ್ತಿಗಳನ್ನು ಆ ರೂಪಗಳಿಂದ ಅವನೇ ನಿಯಮಿಸುತ್ತಾನೆಂದೂ ನಿರೂಪಿಸಿದ್ದಾರೆ. ಜೀವನು ಅಸ್ವತಂತ್ರನೆಂಬ ಸಿದ್ಧಾಂತವನ್ನು ಹಗಲಿನಲ್ಲಿ ವಾದಕ್ಕಾಗಿ ಒಪ್ಪಿದವರು, ರಾತ್ರಿ ಹಾಸಿಗೆಯ ಮೇಲೆ ಸ್ವಾತಂತ್ರ್ಯವನ್ನು ತೋರಲು ಹೊರಡುವುದು ವಿಚಿತ್ರ. ಮಲಗುವ ಮುನ್ನ ಮಾಡುವ ಭಗವನ್ನಾಮಸ್ಮರಣೆಯೂ ನಿದ್ರೆ ತರಿಸುವ ಉಪಾಯವೆಂಬ ಲೆಕ್ಕದಿಂದ ಆದರೆ ಅದು ಇನ್ನೊಂದು ಮಾತ್ರೆಯೇ ಆಗುತ್ತದೆ. ಬರಲಿ ಬಿಡಲಿ, ಸ್ಮರಣೆ ಸ್ಮರಣೆಗಾಗಿಯೇ ಎಂದು ಬಿಟ್ಟವರಿಗೆ ಅನೇಕ ವೇಳೆ ನಿದ್ರೆ ಹಿಂಬದಿಯಿಂದ ಬಂದಿರುತ್ತದೆ.

ಯೋಗಾಭ್ಯಾಸದ ವಿಷಯದಲ್ಲಿ ಬೆಂಗಳೂರಿನಲ್ಲಿಯೇ ನಡೆದ ಒಂದು ಪ್ರಯೋಗವು ಹಿರಿಯರಿಗೆ ಭರವಸೆ ಕೊಡುವಂಥದು. ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಮಂಜುನಾಥ್ ಮತ್ತು ಶರ್ಲಿ ಟೆಲಿಸ್ ಅವರು ವೃದ್ಧಾಶ್ರಮವೊಂದರ 69 ಮಂದಿಯನ್ನು 3 ಗುಂಪು ಮಾಡಿ, ಒಂದಕ್ಕೆ ಯೋಗ, ಒಂದಕ್ಕೆ ಆಯುರ್ವೇದದ ಔಷಧ, ಇನ್ನೊಂದಕ್ಕೆ ಏನನ್ನೂ ಕೊಡದೆ ಪರೀಕ್ಷಿಸಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. 6 ತಿಂಗಳಲ್ಲಿ ಯೋಗದ ಗುಂಪಿನವರು ಮೊದಲಿಗಿಂತ ಸುಮಾರು 10 ನಿಮಿಷ ಬೇಗ ನಿದ್ರೆಹೋಗುತ್ತಿದ್ದರು, ಸುಮಾರು 60 ನಿಮಿಷ ಹೆಚ್ಚು ಮಲಗುತ್ತಿದ್ದರು. ಇದು ಅವರವರು ತಿಳಿಸಿದ ಲೆಕ್ಕವೇ ಹೊರತು ಯಂತ್ರದ ಅಳತೆಯಲ್ಲ, ಜನರೂ ಕಡಿಮೆ. ಆದರೂ ಖರ್ಚಿಲ್ಲದ, ಬೀಳಿಸದ ಉಪಾಯವೆಂಬುದು ಸಣ್ಣ ಮಾತಲ್ಲ.

ಕೆಲವರ ನಿದ್ರಾಭಂಗಕ್ಕೆ ಬೇರೆಯ ರೋಗವಿರುತ್ತದೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ, ಬೆಚ್ಚಿ ಏಳುವವರದು ಒಳ್ಳೆಯ ನಿದ್ರೆಯಲ್ಲ. ಅದು ಶ್ವಾಸಮಾರ್ಗ ಮುಚ್ಚುವ ವ್ಯಾಧಿ, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ಇದನ್ನು ಪತ್ನಿಯೇ ಹೇಳಬೇಕು, ಪತಿಗೆ ತಿಳಿದಿರುವುದಿಲ್ಲ. ಮಲಗಿದೊಡನೆ ಕಾಲುಗಳಲ್ಲಿ ಚಡಪಡಿಕೆಯಾದರೆ ರಕ್ತದಲ್ಲಿನ ಕಬ್ಬಿಣದ ಅಂಶವನ್ನು ನೋಡಿಸಬೇಕು. ಥೈರಾಯ್ಡ್, ಮುಟ್ಟು ನಿಲ್ಲುವ ಕಾಲದ ಮೈಬಿಸಿ, ಪ್ರಾಸ್ಟೇಟ್ ಗ್ರಂಥಿಯ ಊತ ಇವೂ ಕಾರಣಗಳೇ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳುತ್ತಿರುವವರು ಅದನ್ನು ಬೆಳಗ್ಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಅಷ್ಟರಿಂದಲೇ ನಿದ್ರೆ ಸರಿಹೋದವರಿದ್ದಾರೆ. ನಿದ್ರಾಹೀನತೆಯ ಜೊತೆಗೆ ಬದುಕು ಬೇಡವೆನ್ನಿಸುವ ಮಾತು ಯಾರ ಬಾಯಿಂದಲಾದರೂ ಬಂದರೆ ಒಂದು ದಿನವೂ ತಡಮಾಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಕೇಂದ್ರ ಸರ್ಕಾರದ ಸೇವೆಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡುವ ಸೌಲಭ್ಯವಿದೆ.

ವೈದ್ಯರ ಬಳಿಗೆ ಹೋಗುವವರು ಬರಿಗೈಯಲ್ಲಿ ಹೋಗದೆ 14 ದಿನಗಳ ಒಂದು ಹಾಳೆಯನ್ನು ಒಯ್ಯುವುದು ಒಳ್ಳೆಯದು: ಹಾಸಿಗೆ ಸೇರಿದ ಹೊತ್ತು, ಅಂದಾಜಿನಲ್ಲಿ ನಿದ್ರೆ ಬಂದ ಹೊತ್ತು, ನಡುವೆ ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಹಗಲಿನ ನಿದ್ರೆ, ಕೊನೆಯ ಕಾಫಿ ಕುಡಿದ ಹೊತ್ತು, ತೆಗೆದುಕೊಂಡ ಮಾತ್ರೆಗಳು. ಬೆಳಗ್ಗೆ ಎದ್ದ ಮೇಲೆ ನೆನಪಿನಿಂದ ಬರೆದರೆ ಸಾಕು; ರಾತ್ರಿ ಗಡಿಯಾರ ನೋಡಿ ಬರೆಯುವುದು ಬೇಡ. ಅಕ್ಷರ ಕಾಣದ ಹಿರಿಯರಿಗೆ ಮೊಮ್ಮಕ್ಕಳು ಬರೆದುಕೊಡಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥